ಔಷಧದಾನವೂ ಔಷಧದ ಹಕ್ಕೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಪರಂಪರೆಯು ಗೃಹಸ್ಥನ ಕರ್ತವ್ಯವೆಂದು ಹೇಳಿದೆ. ಇವುಗಳಲ್ಲಿ ಔಷಧವನ್ನು ಆಹಾರದ ಪಕ್ಕದಲ್ಲಿಯೇ ಇರಿಸಿರುವುದು ಗಮನಾರ್ಹವಾದ ಸಂಗತಿ. ರೋಗಿಗೆ ಮದ್ದು ಕೊಡುವುದು ಹಸಿದವನಿಗೆ ಅನ್ನವಿಕ್ಕಿದಷ್ಟೇ ಅವಶ್ಯವೆಂದು ಪೂರ್ವಿಕರು ಭಾವಿಸಿದ್ದರು. ಮನೆಯಲ್ಲಿ ನಾವು ಕನ್ನಡವನ್ನಾಡಲಿ, ತಮಿಳನ್ನಾಡಲಿ, ಗುಜರಾತಿ ಮಾರವಾಡಿಗಳನ್ನಾಡಲಿ, ಈ ಮಾತಿನಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ದೇಶದೇಶಗಳ ನಡುವಣ ವ್ಯಾಪಾರವನ್ನು ನಿಯಂತ್ರಿಸುವ ಕಾನೂನು ಕಳೆದ ಮೂರು ದಶಕಗಳಲ್ಲಿ ಒಂದು ಹೊಸ ಪ್ರಶ್ನೆಯನ್ನು ನಮ್ಮ ಮುಂದಿರಿಸಿದೆ. ದಾನವಾಗಿ ದೊರೆತ ಔಷಧವೂ ಹಕ್ಕಾಗಿ ದೊರೆತ ಔಷಧವೂ ಒಂದೇ ಆಗುವುದೇ? ವ್ಯಾಪಾರವೂ ದಾನವೂ ಎರಡೂ ವಂಶಪಾರಂಪರ್ಯವಾಗಿ ಬಂದಿರುವ ಮನೆತನಗಳು ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತ.

ಜಿನೀವಾದಲ್ಲಿ ನಡೆಯುವ ಮಾತುಕತೆಗೂ ಮಾರಂಡಹಳ್ಳಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಇಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಧರ್ಮಪುರಿಗೋ ಸೇಲಂಗೋ ಹೋಗುತ್ತಾರೆ. ಕ್ಯಾನ್ಸರ್ ಎಂದಾದರೆ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯವರೆಗೂ ಹೋಗುತ್ತಾರೆ. ವೈದ್ಯರು ಚೀಟಿ ಬರೆದುಕೊಡುತ್ತಾರೆ. ಆ ಚೀಟಿಯ ಮದ್ದಿನ ಬೆಲೆ ಸಾವಿರದಲ್ಲಿದೆಯೋ ಲಕ್ಷದಲ್ಲಿದೆಯೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಪೇಟೆಂಟ್ ಕಾನೂನು.

ಸ್ವಾತಂತ್ರ್ಯ ಬಂದಾಗ ನಮ್ಮಲ್ಲಿದ್ದದ್ದು ಬ್ರಿಟಿಷರ ಕಾಲದ ಪೇಟೆಂಟ್ ಕಾನೂನು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಸಲ್ಲಿಸಿದ ವರದಿಯ ಆಧಾರದ ಮೇಲೆ 1970ರ ಪೇಟೆಂಟ್ ಅಧಿನಿಯಮ ರಚಿತವಾಯಿತು. 1972ರಲ್ಲಿ ಜಾರಿಗೆ ಬಂದಿತು. ಔಷಧ ಮತ್ತು ಆಹಾರಗಳ ವಿಷಯದಲ್ಲಿ ಅದು ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟ್ ನೀಡಿತು, ವಸ್ತುವಿಗೆ ನೀಡಲಿಲ್ಲ. ಕಬ್ಬಿನ ಊರಿನವರಿಗೆ ಇದನ್ನು ವಿವರಿಸುವುದು ಸುಲಭ: ಬೆಲ್ಲ ಮಾಡುವ ಒಂದು ಹೊಸ ಕ್ರಮವನ್ನು ಕಂಡುಹಿಡಿದವನು ಆ ಕ್ರಮ ತನ್ನದೆನ್ನಬಹುದು, ಬೆಲ್ಲವೇ ತನ್ನದೆನ್ನುವಂತಿಲ್ಲ. ಬೇರೊಬ್ಬನು ಬೇರೆ ಕ್ರಮದಿಂದ ಬೆಲ್ಲ ಮಾಡಿ ಮಾರಬಹುದು. ಈ ಒಂದು ನಿಯಮದ ನೆರಳಿನಲ್ಲಿ ಭಾರತದ ಔಷಧೋದ್ಯಮ ಬೆಳೆಯಿತು, ಬೆಲೆಗಳು ಇಳಿದವು.

1994ರ ಏಪ್ರಿಲ್‌ನಲ್ಲಿ ಮೊರಾಕ್ಕೋ ದೇಶದ ಮರ್ರಾಕೇಶ್ ನಗರದಲ್ಲಿ ಸಹಿಯಾದ ಒಪ್ಪಂದಗಳು ಈ ಸ್ಥಿತಿಯನ್ನು ಬದಲಿಸಿದವು. 1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಅದರ ಅಂಗವಾದ ಟ್ರಿಪ್ಸ್ ಎಂಬ ಬೌದ್ಧಿಕ ಸ್ವತ್ತಿನ ಒಪ್ಪಂದವು ಔಷಧವೂ ಸೇರಿದಂತೆ ಎಲ್ಲ ಕ್ಷೇತ್ರಗಳಲ್ಲಿಯೂ ವಸ್ತುವಿಗೇ ಪೇಟೆಂಟ್ ನೀಡಬೇಕು, ಅದರ ಅವಧಿ ಅರ್ಜಿಯ ದಿನದಿಂದ 20 ವರ್ಷಗಳಿಗಿಂತ ಕಡಿಮೆಯಿರಕೂಡದು ಎಂದು ವಿಧಿಸಿತು. ಭಾರತಕ್ಕೆ ದೊರೆತ ಕಾಲಾವಕಾಶ 2005ರ ಜನವರಿ 1ಕ್ಕೆ ಮುಗಿಯಿತು.

ಇತ್ತ ಮತ್ತೊಂದು ಕಾನೂನೂ ಇದೆ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು 1979ರಲ್ಲಿ ಸೇರಿತು. ಅದರ 12ನೆಯ ವಿಧಿಯು ಆರೋಗ್ಯವನ್ನು ಮನುಷ್ಯನ ಹಕ್ಕೆಂದು ಸಾರುತ್ತದೆ. 15ನೆಯ ವಿಧಿಯು ವಿಜ್ಞಾನದ ಪ್ರಗತಿಯ ಫಲವನ್ನು ಅನುಭವಿಸುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಅದೇ ವಿಧಿಯು ಕೃತಿಯನ್ನು ರಚಿಸಿದವನ ನೈತಿಕ ಮತ್ತು ಆರ್ಥಿಕ ಹಿತವನ್ನೂ ರಕ್ಷಿಸುತ್ತದೆ. ಎರಡು ಒಪ್ಪಂದಗಳಿಗೂ ಸಹಿ ಹಾಕಿದ ಸರ್ಕಾರ ಒಂದೇ. ಆದರೆ ಎರಡರ ಬಲ ಸಮಾನವಲ್ಲ. ಟ್ರಿಪ್ಸ್ ಒಪ್ಪಂದದ ಮಧ್ಯಂತರ ನಿಯಮವೊಂದನ್ನು ಪಾಲಿಸಲಿಲ್ಲವೆಂದು ಅಮೆರಿಕವು ಭಾರತದ ಮೇಲೆ ದೂರು ಕೊಟ್ಟಿತು. 1997ರಲ್ಲಿ ಭಾರತ ಸೋತಿತು. 1999ರಲ್ಲಿ ಸಂಸತ್ತು ಕಾನೂನನ್ನು ತಿದ್ದಿತು. ತಿದ್ದದಿದ್ದರೆ ನಮ್ಮ ರಫ್ತಿನ ಮೇಲೆ ಪ್ರತೀಕಾರದ ಸುಂಕ ಬೀಳಬಹುದಿತ್ತು. ಆರೋಗ್ಯದ ಹಕ್ಕನ್ನು ಪಾಲಿಸದ ಸರ್ಕಾರಕ್ಕಾದರೋ ಸಮಿತಿಯ ಮುಂದೆ ವರದಿ ಸಲ್ಲಿಸುವ, ಅದರ ಟೀಕೆಯನ್ನು ಕೇಳಿಸಿಕೊಳ್ಳುವ ಕಷ್ಟವಷ್ಟೇ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಉಪ ಆಯೋಗವು 2000ದ ಆಗಸ್ಟ್‌ನಲ್ಲಿ ಈ ಎರಡರ ನಡುವೆ ವಿರೋಧವಿದೆಯೆಂದೂ ಮಾನವ ಹಕ್ಕುಗಳಿಗೇ ಆದ್ಯತೆ ಸಲ್ಲಬೇಕೆಂದೂ ಹೇಳಿತು. ಹೇಳಿತು ಅಷ್ಟೆ, ಅದನ್ನು ಜಾರಿಮಾಡುವ ಅಧಿಕಾರ ಅದಕ್ಕಿರಲಿಲ್ಲ.

ಈ ವಿರೋಧವು ನ್ಯಾಯಾಲಯದ ಮೆಟ್ಟಿಲೇರಿದ್ದು ನಮ್ಮ ಚೆನ್ನೈಯಲ್ಲಿಯೇ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬುದು ಒಂದು ಬಗೆಯ ರಕ್ತದ ಕ್ಯಾನ್ಸರ್. ಒಂದು ಕಾಲದಲ್ಲಿ ಅದು ಬಂದವರು ಕೆಲವೇ ವರ್ಷ ಬದುಕುತ್ತಿದ್ದರು. ಇಮ್ಯಾಟಿನಿಬ್ ಎಂಬ ಔಷಧವು 2001ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೇಲೆ ದಿನವೂ ಮಾತ್ರೆ ನುಂಗುತ್ತಾ ವರ್ಷಾನುಗಟ್ಟಲೆ ಬದುಕುವುದು ಸಾಧ್ಯವಾಯಿತು. ಅದನ್ನು ತಯಾರಿಸಿದ ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಯು ಗ್ಲಿವೆಕ್ ಎಂಬ ಹೆಸರಿನಲ್ಲಿ ಮಾರಿತು. ಒಬ್ಬ ರೋಗಿಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ. ಭಾರತದ ಕಂಪನಿಗಳು ಅದೇ ಔಷಧವನ್ನು 8,000ದಿಂದ 10,000 ರೂಪಾಯಿಗೆ ಕೊಡುತ್ತಿದ್ದವು. ಈ ಔಷಧದ ಬೀಟಾ ಸ್ಫಟಿಕ ರೂಪಕ್ಕೆ ಪೇಟೆಂಟ್ ಬೇಕೆಂದು ನೊವಾರ್ಟಿಸ್ 1998ರಲ್ಲಿ ಚೆನ್ನೈ ಪೇಟೆಂಟ್ ಕಛೇರಿಗೆ ಅರ್ಜಿ ಹಾಕಿತ್ತು. 2006ರ ಜನವರಿಯಲ್ಲಿ ಅರ್ಜಿ ತಿರಸ್ಕೃತವಾಯಿತು. ಕಾರಣ, 2005ರ ತಿದ್ದುಪಡಿಯಲ್ಲಿ ಸಂಸತ್ತು ಸೇರಿಸಿದ್ದ 3(ಡಿ) ಎಂಬ ಸೆಕ್ಷನ್. ಈಗಾಗಲೇ ಗೊತ್ತಿರುವ ವಸ್ತುವಿನ ಹೊಸ ರೂಪವು ಹಳೆಯದಕ್ಕಿಂತ ಹೆಚ್ಚು ಗುಣಕಾರಿಯೆಂದು ಸಾಬೀತಾಗದ ಹೊರತು ಅದಕ್ಕೆ ಪೇಟೆಂಟ್ ಇಲ್ಲವೆಂಬುದು ಆ ಸೆಕ್ಷನ್ನಿನ ತಾತ್ಪರ್ಯ. ಹಳೆಯ ಮದ್ದಿಗೆ ಹೊಸ ಅಂಗಿ ತೊಡಿಸಿ ಮತ್ತೆ 20 ವರ್ಷ ಏಕಸ್ವಾಮ್ಯ ಪಡೆಯುವುದನ್ನು ತಡೆಯುವುದೇ ಅದರ ಉದ್ದೇಶ.

ಈ ಸೆಕ್ಷನ್ನೇ ಟ್ರಿಪ್ಸ್ ಒಪ್ಪಂದಕ್ಕೂ ಸಂವಿಧಾನಕ್ಕೂ ವಿರುದ್ಧವೆಂದು ಕಂಪನಿಯು ಮದರಾಸು ಉಚ್ಚ ನ್ಯಾಯಾಲಯದಲ್ಲಿ ವಾದಿಸಿತು. ಧರ್ಮಪುರಿ, ಸೇಲಂ ಜಿಲ್ಲೆಗಳು ಸೇರಿರುವುದೂ ಆ ನ್ಯಾಯಾಲಯದ ವ್ಯಾಪ್ತಿಗೇ. ನ್ಯಾಯಮೂರ್ತಿ ಆರ್. ಬಾಲಸುಬ್ರಮಣಿಯನ್ ಮತ್ತು ನ್ಯಾಯಮೂರ್ತಿ ಪ್ರಭಾ ಶ್ರೀದೇವನ್ ಅವರ ಪೀಠವು 2007ರ ಆಗಸ್ಟ್ 6ರಂದು ಆ ವಾದವನ್ನು ತಳ್ಳಿಹಾಕಿತು. ಒಪ್ಪಂದದ ಭಂಗವಾಗಿದೆಯೆಂದಾದರೆ ಅದನ್ನು ಕೇಳಬೇಕಾದ ಸ್ಥಳ ವಿಶ್ವ ವಾಣಿಜ್ಯ ಸಂಸ್ಥೆಯ ವಿವಾದ ಮಂಡಲಿ ಎಂದಿತು. (ಅಲ್ಲಿ ದೂರು ಕೊಡಬಲ್ಲದ್ದು ಸರ್ಕಾರಗಳು ಮಾತ್ರ, ಸ್ವಿಟ್ಜರ್ಲೆಂಡ್ ಸರ್ಕಾರ ದೂರು ಕೊಡಲಿಲ್ಲ.) ಜೀವರಕ್ಷಕ ಔಷಧಗಳು ಪ್ರಜೆಗಳಿಗೆ ಸುಲಭವಾಗಿ ದೊರೆಯುವಂತೆ ಮಾಡಿ ಉತ್ತಮ ಆರೋಗ್ಯ ಸೇವೆ ಒದಗಿಸುವ ಸಂವಿಧಾನಾತ್ಮಕ ಹೊಣೆಯೂ ಈ ತಿದ್ದುಪಡಿಯ ಹಿಂದಿದೆಯೆಂಬುದನ್ನು ಪೀಠವು ಲಕ್ಷ್ಯಕ್ಕೆ ತೆಗೆದುಕೊಂಡಿತು. ಮುಂದೆ 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವೂ ಪೇಟೆಂಟ್ ನಿರಾಕರಿಸಿತು. ಗುಣಕಾರಿ ಎಂದರೆ ರೋಗವನ್ನು ಗುಣಪಡಿಸುವ ಶಕ್ತಿಯೇ ಹೊರತು, ಪುಡಿ ಸರಾಗವಾಗಿ ಹರಿಯುತ್ತದೆ, ತೇವವನ್ನು ಕಡಿಮೆ ಹೀರುತ್ತದೆ ಎಂಬ ಅನುಕೂಲಗಳಲ್ಲವೆಂದು ಅದು ತೀರ್ಮಾನಿಸಿತು.

ತೀರ್ಪಿಗಿಂತಲೂ ನನ್ನನ್ನು ಹೆಚ್ಚು ಚಿಂತನೆಗೆ ಹಚ್ಚಿದ್ದು ಕಂಪನಿಯ ಸಮರ್ಥನೆ. ನಾವು ಬಡರೋಗಿಗಳಿಗೆ ಉಚಿತವಾಗಿ ಕೊಡುತ್ತಿದ್ದೇವೆ, ಭಾರತದಲ್ಲಿ ಗ್ಲಿವೆಕ್ ಸೇವಿಸುವವರಲ್ಲಿ ಬಹುಪಾಲು ಜನ ಒಂದು ಪೈಸೆಯನ್ನೂ ತೆರುವುದಿಲ್ಲ ಎಂದು ಅದು ಹೇಳುತ್ತಿತ್ತು. ಇದು ಸುಳ್ಳಲ್ಲ. ಕಂಪನಿಯ ಉಚಿತ ವಿತರಣೆಯಿಂದ ಸಾವಿರಾರು ಜನ ಬದುಕಿದ್ದಾರೆ. ಬದುಕಿದವನಿಗೆ ಮಾತ್ರೆ ಎಲ್ಲಿಂದ ಬಂದರೇನು ಎಂದೂ ಕೇಳಬಹುದು. ಇದನ್ನು ಹಗುರವಾಗಿ ಕಾಣತಕ್ಕದ್ದಲ್ಲ.

ಆದರೂ ಇಲ್ಲಿ ಸೂಕ್ಷ್ಮವೊಂದಿದೆ. ದಾನವು ಕೊಡುವವನ ಇಚ್ಛೆಯ ಮೇಲೆ ನಿಂತಿರುತ್ತದೆ. ಯಾರು ಬಡವರು, ಎಷ್ಟು ವರಮಾನದವರೆಗೆ ಬಡವರು, ಎಷ್ಟು ಕಾಲದವರೆಗೆ ಕೊಡಬೇಕು ಎಂಬುದನ್ನು ನಿಶ್ಚಯಿಸುವವನು ದಾನಿಯೇ. ಬಡವನೆಂದು ರುಜುವಾತು ಪಡಿಸಲಾಗದ, ಶ್ರೀಮಂತನೂ ಅಲ್ಲದ ಅಂಗಡಿಯವನ, ಮಾಸ್ತರನ, ನಾಲ್ಕೆಕರೆ ಹಿಡುವಳಿದಾರನ ಗತಿಯೇನು? ಮಾತ್ರೆಯನ್ನು ಜೀವನಪರ್ಯಂತ ನುಂಗಬೇಕಾದವನು ಜೀವನಪರ್ಯಂತ ಒಬ್ಬರ ಕೃಪೆಯಲ್ಲಿರಬೇಕಾಗುತ್ತದೆ. ಹಕ್ಕಾದರೆ ಹಾಗಲ್ಲ. ಅದನ್ನು ಕೈಚಾಚಿ ಬೇಡಬೇಕಿಲ್ಲ. ನ್ಯಾಯಾಲಯದಲ್ಲಿ ನಿಂತು ಕೇಳಬಹುದು. ಮತ್ತೊಂದು ಮಾತು. ಬೆಲೆಯನ್ನು 1,20,000ಕ್ಕೆ ಏರಿಸಿ ನಿಲ್ಲಿಸಿದ್ದೂ ಅದೇ ಕೈ, ಉಚಿತವಾಗಿ ಕೊಟ್ಟದ್ದೂ ಅದೇ ಕೈ. ಬಾವಿಗೆ ಬೀಗ ಹಾಕಿಕೊಂಡವನು ಬಾಗಿಲಲ್ಲಿ ಅರವಟ್ಟಿಗೆ ಇಟ್ಟರೆ, ನೀರು ಕುಡಿದವರಿಗೆ ತೃಪ್ತಿಯಾಗುವುದು ನಿಜ. ಬೀಗದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ವ್ರತಗಳ ಕ್ರಮವನ್ನು ನೋಡಿದರೂ ಹೀಗೆಯೇ ತೋರುತ್ತದೆ. ಶ್ರಾವಕನ ಅಣುವ್ರತಗಳಲ್ಲಿ ಅಚೌರ್ಯ ಮತ್ತು ಪರಿಗ್ರಹ ಪರಿಮಾಣಗಳಿವೆ. ಅತಿಥಿಗೆ ಪಾಲು ಕೊಡುವ ವ್ರತ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಗಳಿಕೆಯಲ್ಲಿ ಮಿತಿಯಿರಬೇಕು, ಆಮೇಲೆ ದಾನ. ಮೊದಲನೆಯದನ್ನು ಬಿಟ್ಟು ಎರಡನೆಯದರಿಂದ ಸರಿದೂಗಿಸುವ ಲೆಕ್ಕವನ್ನು ಶಾಸ್ತ್ರಕಾರರು ಒಪ್ಪಿದಂತೆ ಕಾಣುವುದಿಲ್ಲ. ದಾನಿಗಳ ಹೆಸರನ್ನು ಗೌರವದಿಂದ ಮುದ್ರಿಸುವ ಸಂಚಿಕೆಯಲ್ಲಿ ಈ ಮಾತನ್ನು ಬರೆಯಲು ಸಂಕೋಚವೆನಿಸುತ್ತದೆ. ದಾನದ ಹಿರಿಮೆಯನ್ನು ಕುಂದಿಸುವ ಇಚ್ಛೆ ನನಗಿಲ್ಲ.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಅನೇಕಾಂತವನ್ನು ನಂಬುವವರು ಒಂದೇ ನಯವನ್ನು ಹಿಡಿದು ನಿಲ್ಲಲಾರರು. ಹೊಸ ಔಷಧ ಕಂಡುಹಿಡಿಯಲು ಅಪಾರ ಹಣವೂ ಹತ್ತಾರು ವರ್ಷಗಳೂ ಬೇಕು. ಪ್ರತಿಫಲವಿಲ್ಲದಿದ್ದರೆ ಯಾರೂ ಹಣ ಹೂಡುವುದಿಲ್ಲ. ಈ ವಾದದಲ್ಲಿ ತಥ್ಯವಿದೆ. ಆದರೆ ಇಮ್ಯಾಟಿನಿಬ್‌ನ ಹಿಂದೆ ಇದ್ದದ್ದು ಒಂದೇ ಕಂಪನಿಯ ಬುದ್ಧಿಯಲ್ಲ. ಆ ಕ್ಯಾನ್ಸರಿಗೆ ಕಾರಣವಾದ ವಿಕೃತ ವರ್ಣತಂತುವನ್ನು 1960ರಲ್ಲಿ ಫಿಲಡೆಲ್ಫಿಯಾದ ನೊವೆಲ್ ಮತ್ತು ಹಂಗರ್‌ಫರ್ಡ್ ಎಂಬ ವಿಜ್ಞಾನಿಗಳು ಗುರುತಿಸಿ ಲೋಕಕ್ಕೆ ಪ್ರಕಟಿಸಿದರು. ಮೂರು ದಶಕಗಳ ಕಾಲ ಹಲವರು ಅದರ ಮೇಲೆ ದುಡಿದರು. ಓರೆಗಾನ್‌ನ ವೈದ್ಯ ಬ್ರಯಾನ್ ಡ್ರೂಕರ್ ಆ ಔಷಧವನ್ನು ರೋಗಿಗಳವರೆಗೆ ತರಲು ಪಟ್ಟುಹಿಡಿದರು. ಶಾಸ್ತ್ರದಾನವೆಂದು ನಾವು ಕರೆಯುವುದನ್ನೇ ಅವರು ತಮ್ಮ ರೀತಿಯಲ್ಲಿ ಮಾಡಿದರು. ಕೊನೆಯ ಮಜಲಿನಲ್ಲಿ ಹಣ ಹೂಡಿದವನಿಗೆ ಪಾಲು ಸಲ್ಲಲಿ. ಇಡೀ ದಾರಿಯೇ ಅವನದಾಗಬೇಕೇ?

ಪಾಲು ಕೊಟ್ಟೂ ಪ್ರಾಣ ಉಳಿಸುವ ಉಪಾಯ ಕಾನೂನಿನಲ್ಲಿಯೇ ಇದೆ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಎಂಬ ಔಷಧಕ್ಕೆ ಬೇಯರ್ ಕಂಪನಿ ತಿಂಗಳಿಗೆ 2,80,428 ರೂಪಾಯಿ ಪಡೆಯುತ್ತಿತ್ತು. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕ ಪಿ. ಎಚ್. ಕುರಿಯನ್ ಅವರು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಭಾರತದ ಮೊದಲ ಕಡ್ಡಾಯ ಪರವಾನಗಿಯನ್ನು ನೀಡಿದರು. ಬೆಲೆ ತಿಂಗಳಿಗೆ 8,880 ರೂಪಾಯಿ ಮೀರಕೂಡದು. ಮಾರಾಟದ ಮೇಲೆ ಬೇಯರ್‌ಗೆ ನೂರಕ್ಕೆ 6ರಂತೆ ರಾಯಧನ ಸಲ್ಲಬೇಕು. ಮೇಲ್ಮನವಿಯಲ್ಲಿ ಅದು 7 ಆಯಿತು. ಪೇಟೆಂಟ್ ರದ್ದಾಗಲಿಲ್ಲ.

ಇದನ್ನೆಲ್ಲ ಕಳ್ಳತನವೆಂದು ಕರೆದವರೂ ಉಂಟು. ವಿಚಿತ್ರವೆಂದರೆ ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳನ್ನು ಎಣಿಸುವಾಗ ವಿರುದ್ಧರಾಜ್ಯಾತಿಕ್ರಮ, ಪ್ರತಿರೂಪಕ ವ್ಯವಹಾರ ಎಂಬ ಎರಡನ್ನು ಹೇಳುತ್ತದೆ: ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು, ನಕಲಿಯನ್ನು ಅಸಲಿಯೆಂದು ಮಾರುವುದು. ಸುಲಭಬೆಲೆಯ ಭಾರತೀಯ ಔಷಧ ಈ ಎರಡರಲ್ಲಿ ಯಾವುದು? 2008ರ ಡಿಸೆಂಬರಿನಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೋಗುತ್ತಿದ್ದ ಲೊಸಾರ್ಟನ್ ಎಂಬ ರಕ್ತದೊತ್ತಡದ ಔಷಧವನ್ನು ನೆದರ್‌ಲ್ಯಾಂಡ್ಸಿನ ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ ಸುಂಕದವರು ತಡೆಹಿಡಿದರು. ಭಾರತದಲ್ಲಿ ಅದಕ್ಕೆ ಪೇಟೆಂಟ್ ಇರಲಿಲ್ಲ, ಬ್ರೆಜಿಲ್‌ನಲ್ಲಿಯೂ ಇರಲಿಲ್ಲ. ವಿಮಾನ ನಡುವೆ ಇಳಿದ ದೇಶದಲ್ಲಿತ್ತು, ಅಷ್ಟೇ. ಔಷಧ ನಕಲಿಯಾಗಿರಲಿಲ್ಲ, ಬ್ರೆಜಿಲ್‌ನ ರೋಗಿಯನ್ನು ತಲುಪದೆ ಭಾರತಕ್ಕೆ ಮರಳಿತು. 2010ರಲ್ಲಿ ಭಾರತ, ಬ್ರೆಜಿಲ್‌ಗಳು ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಪ್ರಶ್ನೆಯೆತ್ತಿದ ಮೇಲೆ, 2011ರಲ್ಲಿ ಐರೋಪ್ಯ ಒಕ್ಕೂಟವು ಭಾರತದೊಡನೆ ಒಂದು ತಿಳುವಳಿಕೆಗೆ ಬಂದಿತು. ಕಟ್ಟಳೆಯನ್ನು ಮೀರಿದವರು ಯಾರೆಂಬುದನ್ನು ಓದುಗರೇ ತೂಗಿ ನೋಡಬಹುದು. 2001ರ ನವೆಂಬರ್ 14ರ ದೋಹಾ ಘೋಷಣೆಯಲ್ಲಿ ಎಲ್ಲ ಸದಸ್ಯ ರಾಷ್ಟ್ರಗಳೂ ಟ್ರಿಪ್ಸ್ ಒಪ್ಪಂದವು ಸಾರ್ವಜನಿಕ ಆರೋಗ್ಯದ ರಕ್ಷಣೆಗೆ ಅಡ್ಡಿಯಾಗಕೂಡದೆಂದು ಒಪ್ಪಿದ್ದವು.

ಒಪ್ಪಿದ ಮಾತು ಕಷ್ಟಕಾಲದಲ್ಲಿ ಎಷ್ಟು ನಿಲ್ಲುತ್ತದೆಂಬುದು ಕೊರೊನಾ ಕಾಲದಲ್ಲಿ ಕಂಡಿತು. 2020ರ ಅಕ್ಟೋಬರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಲಸಿಕೆ, ಔಷಧ, ಪರೀಕ್ಷಾ ಸಾಧನಗಳ ಮೇಲಿನ ಪೇಟೆಂಟ್ ನಿರ್ಬಂಧಗಳನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೆಂದು ಕೇಳಿದವು. ತೀರ್ಮಾನ ಬಂದದ್ದು 2022ರ ಜೂನ್‌ನಲ್ಲಿ, ಅದೂ ಲಸಿಕೆಗಳಿಗೆ ಮಾತ್ರ. ಉಳಿದವುಗಳ ಬಗ್ಗೆ ಒಮ್ಮತ ಮೂಡಲೇ ಇಲ್ಲ.

ಇನ್ನು ನಮ್ಮ ದಾನದ ಲೆಕ್ಕಕ್ಕೆ ಬರೋಣ. ಒಂದು ಕುಟುಂಬವು ಹಿರಿಯರ ಸ್ಮರಣಾರ್ಥ 1,20,000 ರೂಪಾಯಿಯನ್ನು ಔಷಧದಾನಕ್ಕೆ ಮೀಸಲಿಟ್ಟಿತೆನ್ನಿ. ಕಂಪನಿ ಕೇಳಿದ ಬೆಲೆಯೇ ನಿಂತಿದ್ದರೆ ಅದು ಒಬ್ಬ ರೋಗಿಗೆ ಒಂದು ತಿಂಗಳು. ಭಾರತೀಯ ಔಷಧದ ಬೆಲೆಯಲ್ಲಿ ಅದೇ ಹಣ ಒಬ್ಬ ರೋಗಿಗೆ ಒಂದು ವರ್ಷ. ತಮಿಳುನಾಡು ಸರ್ಕಾರವು 1994ರಲ್ಲಿ ಸ್ಥಾಪಿಸಿದ ವೈದ್ಯಕೀಯ ಸೇವಾ ನಿಗಮವು ಟೆಂಡರ್ ಮೂಲಕ ಸಗಟಾಗಿ ಕೊಂಡು ಸರ್ಕಾರಿ ಆಸ್ಪತ್ರೆಗಳಿಗೆ ಉಚಿತ ವಿತರಣೆಗಾಗಿ ಕಳುಹಿಸುವ ಮಾತ್ರೆಗಳ ಹಿಂದೆಯೂ ಇದೇ ಲೆಕ್ಕವಿದೆ. ಹಕ್ಕು ಗಟ್ಟಿಯಾದಷ್ಟೂ ದಾನ ದೂರ ಹೋಗುತ್ತದೆ.

ನೊವಾರ್ಟಿಸ್ ಅರ್ಜಿಗೆ ಚೆನ್ನೈ ಕಛೇರಿಯಲ್ಲಿ ಆಕ್ಷೇಪಣೆ ಸಲ್ಲಿಸಿದವರಲ್ಲಿ ಔಷಧ ಕಂಪನಿಗಳ ಜೊತೆಗೆ ಮುಂಬಯಿಯ ಕ್ಯಾನ್ಸರ್ ಪೇಷೆಂಟ್ಸ್ ಏಯ್ಡ್ ಅಸೋಸಿಯೇಷನ್ ಎಂಬ ಸೇವಾಸಂಸ್ಥೆಯೂ ಇತ್ತು. ದಾನಿಗಳ ಹಣದಿಂದ ಬಡರೋಗಿಗಳಿಗೆ ನೆರವಾಗುತ್ತಿದ್ದ ಸಂಸ್ಥೆ ಅದು; ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ನಿಂತಿತು. ಪೇಟೆಂಟ್ ಅಧಿನಿಯಮದ 25ನೆಯ ಸೆಕ್ಷನ್ನಿನ ಪ್ರಕಾರ ಅರ್ಜಿಯೊಂದು ಪ್ರಕಟವಾದ ನಂತರ, ಪೇಟೆಂಟ್ ನೀಡುವ ಮುನ್ನ, ಯಾವುದೇ ವ್ಯಕ್ತಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. 2024ರ ಮಾರ್ಚ್‌ನಲ್ಲಿ ನಿಯಮಗಳನ್ನು ತಿದ್ದಿ ಇದಕ್ಕೆ ಶುಲ್ಕವನ್ನೂ ಪ್ರಾಥಮಿಕ ಪರಿಶೀಲನೆಯನ್ನೂ ವಿಧಿಸಲಾಗಿದೆ, ಅವಕಾಶವನ್ನು ಮುಚ್ಚಿಲ್ಲ. ಚೆನ್ನೈ ಕಛೇರಿ ಇರುವುದು ಗಿಂಡಿಯಲ್ಲಿ.