ಹೇಳದೆ ಬಿಟ್ಟ ದೋಷ

ಸುಳ್ಳು ಹೇಳುವುದು ತಪ್ಪೆಂಬುದನ್ನು ಮೊದಲನೆಯ ಇಯತ್ತೆಯ ಮಗುವೂ ಬಲ್ಲದು. ಆದರೆ ಸುಳ್ಳನ್ನೂ ಹೇಳದೆ, ನಿಜವನ್ನೂ ಹೇಳದೆ ಸುಮ್ಮನಿರುವುದು ತಪ್ಪೋ ಅಲ್ಲವೋ ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಹಳೆಯ ಮೋಟಾರು ಗಾಡಿಯ ಮಾರಾಟವು ತಕ್ಕ ಉದಾಹರಣೆಯಾಗಿದೆ.

ಸೋಲಾಪುರಕ್ಕೆ ಮೋಟಾರಿನ ನಂಟು ಹೊಸದಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದ ವಾಲಚಂದ ಹಿರಾಚಂದರು 1882ರಲ್ಲಿ ಜನಿಸಿದ್ದು ಈ ಊರಿನಲ್ಲಿಯೇ. ಆ ಕಂಪನಿಯ ಪದ್ಮಿನಿ ಗಾಡಿಯ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. ಮಾರುತಿ 800ರ ತಯಾರಿಕೆಯೂ 2014ರಲ್ಲಿ ನಿಂತಿತು. ಗಾಡಿಗಳ ಹೆಸರು ಬದಲಾದರೂ ಹಳೆಯವು ಕೈಯಿಂದ ಕೈಗೆ ದಾಟುವುದು ನಿಂತಿಲ್ಲ. ಅಕ್ಕಲಕೋಟೆಯಿಂದ ಸೋಲಾಪುರದ ಆಸ್ಪತ್ರೆಗೋ ಕಚೇರಿಗೋ ಸುಮಾರು 40 ಕಿಲೋಮೀಟರ್ ಓಡಾಡಬೇಕಾದ ಸಂಸಾರಕ್ಕೆ ಹೊಸ ಗಾಡಿ ನಿಲುಕದಿದ್ದರೆ ಹಳೆಯದೇ ಗತಿ.

ಎಂಜಿನ್ನಿನಲ್ಲಿ ಲೋಹವು ಲೋಹಕ್ಕೆ ಉಜ್ಜದಂತೆ ಕಾಯುವುದು ಎಣ್ಣೆಯ ತೆಳುವಾದ ಪೊರೆ. ಆ ಎಣ್ಣೆ ಹೊರಬೀಳದಂತೆ ಭಾಗಗಳು ಕೂಡುವಲ್ಲಿ ಗ್ಯಾಸ್ಕೆಟ್ಟೂ, ತಿರುಗುವ ದಂಡವು ಹೊರಬರುವಲ್ಲಿ ಆಯಿಲ್ ಸೀಲೂ ಇರುತ್ತವೆ. ವರ್ಷಗಟ್ಟಲೆ ಕಾವು ತಿಂದ ರಬ್ಬರು ಗಡಸಾಗಿ ಬಿರುಕು ಬಿಟ್ಟಾಗ ಎಣ್ಣೆ ಹನಿಹನಿಯಾಗಿ ಒಸರುತ್ತದೆ. ಪಿಸ್ಟನ್ ರಿಂಗು ಸವೆದರೆ ಎಣ್ಣೆ ಒಳಗೇ ಉರಿದು ಸೈಲೆನ್ಸರಿನಿಂದ ನೀಲಿ ಹೊಗೆಯಾಗಿ ಬರುತ್ತದೆ. ಎಣ್ಣೆ ತೀರ ಇಳಿದರೆ ಬೇರಿಂಗುಗಳು ಕಾದು, ಎಂಜಿನ್ನು ‘ಸೀಜ್’ ಆಗಿ, ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಇವೆಲ್ಲ ಯಂತ್ರದ ಮುದಿತನದ ಲಕ್ಷಣಗಳು. ಇವುಗಳಿಗಾಗಿ ಯಜಮಾನನು ನಾಚಬೇಕಾಗಿಲ್ಲ. ಆದರೆ ಗಿರಾಕಿ ಬರುವ ದಿನ ಮುಂಜಾನೆ ಎಂಜಿನ್ನನ್ನು ಡೀಸೆಲ್ಲಿನಿಂದ ತೊಳೆದು, ಹೊಗೆ ಅಡಗಲೆಂದು ದಪ್ಪ ಎಣ್ಣೆ ತುಂಬಿ, ಗಾಡಿಯನ್ನು ಕಲೆಯಿಲ್ಲದ ನೆಲಕ್ಕೆ ಸರಿಸಿ ನಿಲ್ಲಿಸಿದವನು ಬಾಯಿ ಬಿಡದೆಯೇ ಸುಳ್ಳಾಡಿದನು. ಅವನ ವಿಷಯದಲ್ಲಿ ಚರ್ಚೆ ಬೇಕಿಲ್ಲ. ಏನನ್ನೂ ಮುಚ್ಚದೆ, ಕೇಳದ್ದನ್ನು ಹೇಳದೆ ಸುಮ್ಮನಿದ್ದವನ ವಿಷಯವೇನು?

1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ಇದೇ ಪ್ರಶ್ನೆಯನ್ನು ಕುದುರೆಯ ದೃಷ್ಟಾಂತದಿಂದ ವಿವರಿಸುತ್ತದೆ. ದೋಷವುಳ್ಳ ಕುದುರೆಯನ್ನು ಲಿಲಾವಿನಲ್ಲಿ ಮಾರುವವನು ದೋಷವನ್ನು ಬಲ್ಲವನಾಗಿಯೂ ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಈಗತಾನೇ ಪ್ರಾಯಕ್ಕೆ ಬಂದ ಅವನ ಮಗಳಾದರೆ, ಹೇಳುವುದು ಅವನ ಕರ್ತವ್ಯ. ‘ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದರೆ, ಮೌನವು ಮಾತಿಗೆ ಸಮ. ಮೌನಂ ಸಮ್ಮತಿಲಕ್ಷಣಂ ಎಂದು ನಮ್ಮವರು ಅನ್ನುವುದೂ ಇದನ್ನೇ. ಕಾಯಿದೆಯು ಶಿಕ್ಷಿಸತಕ್ಕದ್ದನ್ನು ಅಳೆದು ಗೆರೆ ಎಳೆದಿದೆ. ಅದು ಅದರ ಕೆಲಸ. ಆದರೆ ನೀತಿಯು ಆ ಗೆರೆಯ ಬಳಿ ನಿಂತು ಮತ್ತೊಂದು ಮಾತು ಕೇಳುತ್ತದೆ: ಮಗಳಿಗೆ ಹೇಳತಕ್ಕದ್ದನ್ನು ಕಂಡವರ ಮಗಳಿಗೆ ಏಕೆ ಹೇಳಬಾರದು?

‘ಕೊಳ್ಳುವವನಿಗೆ ಕಣ್ಣಿಲ್ಲವೇ?’ ಎಂದು ವ್ಯಾಪಾರಿ ಕೇಳಬಹುದು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಈ ಮಾತಿಗೆ ಬೆಲೆಯುಂಟು. ಅಲ್ಲಿ ರೈತನು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಎತ್ತಿನ ವಿಷಯದಲ್ಲಿ ಮಾರುವವನಷ್ಟೇ ಕೊಳ್ಳುವವನೂ ಬಲ್ಲವನು. ಎಂಜಿನ್ನಿನ ಒಳಗಿನ ಸವೆತವನ್ನು ಬಾನೆಟ್ಟು ಎತ್ತಿ ನೋಡಿದ ಶಾಲಾ ಮಾಸ್ತರನು ಹೇಗೆ ಕಂಡಾನು? ತಿಂಗಳಿಗೆ ಎಷ್ಟು ಎಣ್ಣೆ ಸುರಿಯಬೇಕಾಗುತ್ತದೆಂಬುದನ್ನು ಸುರಿದವನೊಬ್ಬನೇ ಬಲ್ಲನು. ಅರಿವು ಸಮನಾಗಿರದ ಕಡೆ ಮೌನವೂ ಸಮನಾದ ಹಕ್ಕಲ್ಲ.

ಮಾರುವವನೂ ಬಡವನಾಗಿದ್ದರೆ? ಮಗಳ ಮದುವೆಗೋ ಔಷಧಕ್ಕೋ ಗಾಡಿ ಮಾರುವವನಿಗೆ ನಿಜ ನುಡಿದರೆ ಹಲವು ಸಾವಿರ ರೂಪಾಯಿ ಕಡಿಮೆಯಾದೀತು. ಈ ಕಷ್ಟವು ಹುಸಿಯಲ್ಲ. ಆದರೆ ನಷ್ಟವು ಎಂಜಿನ್ನಿನಲ್ಲಿ ಆಗಲೇ ಆಗಿಹೋಗಿದೆ. ಮೌನದಿಂದ ಅದು ಅಳಿಯುವುದಿಲ್ಲ, ಅರಿಯದವನ ಹೆಗಲಿಗೆ ದಾಟುತ್ತದೆ ಅಷ್ಟೆ. ಅವನೂ ಸಾಲ ಮಾಡಿಯೇ ಬಂದಿರಬಹುದು.

ಮೌನದ ಹಾನಿ ಇಬ್ಬರಲ್ಲಿಯೇ ಮುಗಿಯುವುದಿಲ್ಲ. ಅಮೇರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರ ತಮ್ಮ ಪ್ರಬಂಧದಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಗೆ ತೆಗೆದುಕೊಂಡರು. 2001ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಒಳ್ಳೆಯದಾವುದು ಕೆಟ್ಟದ್ದಾವುದು ಎಂದು ತಿಳಿಯದ ಗಿರಾಕಿಯು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲೊಲ್ಲನು. ಕೊನೆಗೆ ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಹೀಗೆ ಒಬ್ಬನ ಮೌನಕ್ಕೆ ಪ್ರಾಮಾಣಿಕನೂ ದಂಡ ತೆರುತ್ತಾನೆ.

ಹಾಗೆಂದು ಗಾಡಿಯ ಪ್ರತಿಯೊಂದು ಗೀರನ್ನೂ ಒಪ್ಪಿಸಬೇಕೆಂದಲ್ಲ. ನಾನು ಬಲ್ಲೆನೇ? ಅವನಿಗೆ ಕಾಣದೇ? ತಿಳಿದಿದ್ದರೆ ಅವನ ನಿರ್ಧಾರ ಬದಲಾಗುತ್ತಿತ್ತೇ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಅವನು ಕೇಳದಿದ್ದರೂ ಹೇಳತಕ್ಕದ್ದು. ಹೇಳಿದ ಮೇಲೆಯೂ ಅವನು ಕೊಂಡರೆ ವ್ಯಾಪಾರ ಶುದ್ಧವಾಯಿತು. ಹೇಳಿದ ಮಾತ್ರಕ್ಕೆ ಮುರಿದು ಬೀಳುವ ವ್ಯಾಪಾರವು ನಡೆಯತಕ್ಕದ್ದೇ ಆಗಿರಲಿಲ್ಲ.