ಮೈ ಒಂದು, ಅರ್ಜಿ ಎರಡು

ದೂರು ಕೊಡುವುದೆಂದರೆ ಬೇಡುವುದಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ನಮ್ಮ ಹಿರೀಕರು ಊರ ಯಜಮಾನರ ಜಗಲಿಯ ಕೆಳಗೆ ನಿಂತು, 'ಬುದ್ಧೀ, ನೀವೇ ನೋಡಿ ಒಂದು ತೀರ್ಮಾನ ಮಾಡ್ಬೇಕು' ಎಂದು ಕೈ ಮುಗಿದವರು. ಆ ಕೈ ಮುಗಿಯುವ ಅಭ್ಯಾಸ ಕಾಲೇಜಿನ ಗೇಟು ದಾಟಿದರೂ ನಮ್ಮನ್ನು ಬಿಟ್ಟಿಲ್ಲ. ಮೇಷ್ಟ್ರೊಬ್ಬ ಮೈ ಮುಟ್ಟಿದ, ಜಾತಿ ಎತ್ತಿ ಹೀಯಾಳಿಸಿದ, ಬಾಯಿ ಬಿಟ್ಟರೆ ಇಂಟರ್ನಲ್ ಮಾರ್ಕ್ಸು ಕಟ್ ಎಂದು ಹೆದರಿಸಿದ ಎಂದು ಬರೆಯುವ ಹುಡುಗಿಯ ಅರ್ಜಿಯೂ 'ತಮ್ಮ ವಿಧೇಯ ವಿದ್ಯಾರ್ಥಿನಿ' ಎಂದೇ ಮುಗಿಯುತ್ತದೆ. ಅನ್ಯಾಯ ಉಂಡವಳು ಯಾಕೆ ವಿಧೇಯಳಾಗಿರಬೇಕು? ಯಾರಿಗೆ?

ಅವಳು ಬಾಯಿ ಬಿಟ್ಟ ದಿನ ಎಲ್ಲರಿಗೂ ಮಾನದ ಚಿಂತೆ ಶುರುವಾಗುತ್ತದೆ. ಪ್ರಿನ್ಸಿಪಾಲರಿಗೆ ಸಂಸ್ಥೆಯ ಮಾನ. ಮನೆಯವರಿಗೆ ಕೇರಿಯಲ್ಲಿ ತಲೆ ಎತ್ತಿ ತಿರುಗುವ ಮಾನ. ಮುಟ್ಟಿದವನ ಮಾನವನ್ನು ಕಾಯುವವರಂತೂ ಸಾಲುಗಟ್ಟಿ ನಿಲ್ಲುತ್ತಾರೆ: 'ಪಾಪ, ಹೆಂಡ್ತಿ ಮಕ್ಕಳಿರೋನು, ಹೋಗ್ಲಿ ಬಿಡಮ್ಮ.' ಇಷ್ಟೂ ಜನರ ಮಾನದ ಮೂಟೆ ಹೊರಬೇಕಾದವಳು ಅವಳೊಬ್ಬಳೇ. ಅವಳಿಗೂ ಒಂದು ಮಾನವಿದೆ ಎಂಬುದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ದಲಿತ ಹೆಣ್ಣುಮಗಳಾದರೆ ಆ ಲೆಕ್ಕ ಇನ್ನೂ ಹಳೆಯದು. ಅವಳಿಗೆ ಮಾನವೆಂಬುದು ಇದೆಯೆಂದು ಈ ಸಮಾಜ ಯಾವತ್ತೂ ಒಪ್ಪಿಯೇ ಇಲ್ಲ.

ರಾಜಸ್ಥಾನದ ಭಟೇರಿ ಎಂಬ ಹಳ್ಳಿಯ ಭಂವರಿ ದೇವಿಯನ್ನು ನೆನೆಯಬೇಕು. ಕುಂಬಾರ ಜಾತಿಯ ಹೆಂಗಸು. ಬಾಲ್ಯವಿವಾಹ ತಡೆಯುವ ಸರ್ಕಾರಿ ಕೆಲಸ ಮಾಡಿದ್ದಕ್ಕೆ 1992ರಲ್ಲಿ ಮೇಲ್ಜಾತಿಯ ಗಂಡಸರು ತನ್ನ ಮೇಲೆ ಗುಂಪಾಗಿ ಅತ್ಯಾಚಾರ ಮಾಡಿದರೆಂದು ದೂರು ಕೊಟ್ಟಳು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆಪಾದನೆಯಿಂದ ಬಿಟ್ಟಿತು. ಮೇಲ್ಜಾತಿಯವರು ಕೀಳುಜಾತಿಯ ಹೆಂಗಸನ್ನು ಮುಟ್ಟಲಾರರು ಎಂಬ ತರ್ಕ ಆ ತೀರ್ಪಿನಲ್ಲಿತ್ತು. ನೀರು ಮುಟ್ಟಿಸಿಕೊಳ್ಳದ ಜಾತಿ ಮೈ ಮುಟ್ಟುವುದಿಲ್ಲವಂತೆ! ಹಟ್ಟಿಯ ಯಾವ ಅಜ್ಜಿಯನ್ನು ಕೇಳಿದರೂ ಇದಕ್ಕೆ ಉತ್ತರ ಹೇಳುತ್ತಾಳೆ.

ಆ ಘಟನೆಯ ಬೆನ್ನಿಗೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖ ತೀರ್ಪು ಬಂತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲು ಸಮಿತಿ ಇರಲೇಬೇಕೆಂದಿತು. 2013ರ ಕಾಯ್ದೆಗೂ ಅದೇ ಬೇರು. ಇವತ್ತು ಕಚೇರಿ, ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗಿರುವ ಈ ರಕ್ಷಣೆ ಹುಟ್ಟಿದ್ದು ಒಬ್ಬ ಕುಂಬಾರಗಿತ್ತಿಯ ನೋವಿನಿಂದ. ಆದರೆ ಹುಟ್ಟುವಾಗಲೇ ಒಂದು ಕಳುವು ನಡೆಯಿತು. ಅವಳ ಮೇಲೆ ಬಿದ್ದದ್ದು ಜಾತಿಯ ಸೊಕ್ಕು, ಗಂಡಿನ ಸೊಕ್ಕು ಎರಡೂ ಸೇರಿ. ನಿಯಮದೊಳಗೆ ಉಳಿದದ್ದು ಹೆಣ್ಣು ಮಾತ್ರ. ಜಾತಿ ಜಾರಿಹೋಯಿತು.

ಈ ಕಳುವಿನ ಫಲವನ್ನು ನಮ್ಮ ಹುಡುಗಿಯರು ಇವತ್ತು ಉಣ್ಣುತ್ತಿದ್ದಾರೆ. ಲೈಂಗಿಕ ಕಿರುಕುಳಕ್ಕೆ ಆಂತರಿಕ ಸಮಿತಿ ಒಂದು ಕಡೆ. ಜಾತಿ ತಾರತಮ್ಯಕ್ಕೆ ಯುಜಿಸಿಯ 2012ರ ನಿಯಮ ಹೇಳಿದ ಸಮಾನ ಅವಕಾಶ ಘಟಕ ಇನ್ನೊಂದು ಕಡೆ. ಈ ಎರಡನೆಯದು ಎಷ್ಟು ಬಲಹೀನವಾಗಿದೆ ಎಂಬುದಕ್ಕೆ 2016ರಲ್ಲಿ ಹೈದರಾಬಾದಿನ ರೋಹಿತ್ ವೇಮುಲ, 2019ರಲ್ಲಿ ಮುಂಬೈನ ಆದಿವಾಸಿ ವೈದ್ಯೆ ಪಾಯಲ್ ತಡ್ವಿಯ ಸಾವುಗಳೇ ಸಾಕ್ಷಿ. ಅವರ ತಾಯಂದಿರು, ರಾಧಿಕಾ ವೇಮುಲ ಮತ್ತು ಅಬೇದಾ ತಡ್ವಿ, 2019ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2026ರ ಜನವರಿಯಲ್ಲಿ ಹೊಸ ನಿಯಮ ಹೊರಬಿತ್ತು. ಅದೇ ತಿಂಗಳು ಕೋರ್ಟು ಅದಕ್ಕೆ ತಡೆ ಕೊಟ್ಟು, 2012ರದ್ದೇ ನಡೆಯಲಿ ಎಂದಿತು.

ಹೀಗಾಗಿ ಹುಡುಗಿ ಮೊದಲ ಬಾಗಿಲಿಗೆ ಹೋದರೆ 'ಜಾತಿ ವಿಷಯ ಇಲ್ಲಿ ತರಬೇಡಮ್ಮ' ಎನ್ನುತ್ತಾರೆ. ಎರಡನೆಯದಕ್ಕೆ ಹೋದರೆ 'ಇದು ಲೇಡೀಸ್ ಮ್ಯಾಟರು' ಎನ್ನುತ್ತಾರೆ. ಬೈಗುಳ ಜಾತಿಯದು, ಕೈ ಗಂಡಸಿನದು. ಎರಡೂ ಒಬ್ಬನವೇ, ಬಿದ್ದದ್ದೂ ಒಂದೇ ಮೈ ಮೇಲೆ. ಅವಳು ತನ್ನನ್ನು ತಾನೇ ಸೀಳಿಕೊಂಡು ಎರಡು ಅರ್ಜಿ ಬರೆಯಬೇಕೆ? ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾದಾಗ, ದಲಿತ, ಆದಿವಾಸಿ ಹೆಣ್ಣನ್ನು ಒಪ್ಪಿಗೆಯಿಲ್ಲದೆ ಲೈಂಗಿಕವಾಗಿ ಮುಟ್ಟುವುದೇ ದೌರ್ಜನ್ಯ ಎಂದು ಬರೆದರು. ದೇಶದ ಕಾನೂನಿಗೆ ಅರ್ಥವಾದ ಮಾತು ಕಾಲೇಜಿನ ಸಮಿತಿಗೆ ಯಾಕೆ ಅರ್ಥವಾಗುವುದಿಲ್ಲ? ನಡೆದದ್ದನ್ನೆಲ್ಲ ಒಂದೇ ಅರ್ಜಿಯಲ್ಲಿ ಬರೆಯಿರಿ. ಎರಡೂ ಕಡೆ ಕೊಡಿ. ಎರಡೂ ಕಡೆ ಸ್ವೀಕೃತಿ ಬರೆಸಿಕೊಳ್ಳಿ.

ಇನ್ನು ಬೆಂಬಲದ ಮಾತು. ಬೆಂಬಲವೆಂದರೆ 'ಅಯ್ಯೋ ಪಾಪ' ಎನ್ನುವುದಲ್ಲ. ಬರೆಯಲು ಆಗದಿದ್ದವಳಿಗೆ ಬರೆದುಕೊಡಲು ನೆರವಾಗುವುದು ಸಮಿತಿಯ ಕೆಲಸ ಎಂದು ಕಾಯ್ದೆಯೇ ಹೇಳುತ್ತದೆ. ವಿಚಾರಣೆ ಮುಗಿಯುವ ತನಕ ಆರೋಪಿ ಮೇಷ್ಟ್ರು ಅವಳ ಪೇಪರು ತಿದ್ದದಂತೆ ತಡೆಯಲು ಯುಜಿಸಿಯ 2015ರ ನಿಯಮದಲ್ಲಿ ದಾರಿಯಿದೆ. ವಿದ್ಯಾರ್ಥಿಗಳ ವಿಷಯವಾದರೆ ಸಮಿತಿಯಲ್ಲಿ 3 ಜನ ವಿದ್ಯಾರ್ಥಿಗಳಿರಬೇಕು. ಕುಲಪತಿ, ಕುಲಸಚಿವ, ವಿಭಾಗದ ಮುಖ್ಯಸ್ಥರು ಅದರಲ್ಲಿ ಇರಕೂಡದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಇವು ಯಾರೋ ಕರುಣೆಯಿಂದ ಕೊಡುವ ಸವಲತ್ತಲ್ಲ, ಅವಳು ಕಾಲೂರಿ ನಿಲ್ಲುವ ನೆಲ.

ಆ ನೆಲವೂ ಸಮತಟ್ಟಾಗಿಲ್ಲ. 3 ತಿಂಗಳೊಳಗೆ ದೂರು ಕೊಡಬೇಕು. ಕಾರಣ ಸರಿಯೆನಿಸಿದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಆದರೆ ಭಯಕ್ಕೆ ಕ್ಯಾಲೆಂಡರು ಗೊತ್ತಿಲ್ಲ. ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವಳು ಬಾಯಿ ಬಿಟ್ಟರೆ ಮೊದಲು ನಿಲ್ಲುವುದು ಅವಳ ಓದು. 'ಸಾಕು ಬಾ ಮಗಾ, ಮರ್ಯಾದೆಯಾಗಿ ಮನೇಲಿರು' ಎಂದು ಕರೆಸಿಕೊಳ್ಳುತ್ತಾರೆ. ಅದು ಗೊತ್ತಿದ್ದೇ ಅವಳು ಪರೀಕ್ಷೆ ಮುಗಿಯಲಿ ಎಂದು ಹಲ್ಲು ಕಚ್ಚುತ್ತಾಳೆ. ತಡವಾಗಿ ಆಡಿದ ಮಾತು ಸುಳ್ಳು ಮಾತಲ್ಲ.

ಗೆಳೆಯರೇ, ಈಗ ನಮ್ಮ ಮನೆಯೊಳಗಿನ ಮಾತು. ಆರೋಪಿ ನಮ್ಮವನೇ ಆದರೆ? ಮೆರವಣಿಗೆಯಲ್ಲಿ ಮುಂದೆ ನಿಂತು ಹಾಡುವವನೇ ಆದರೆ? 'ಚಳವಳಿ ಒಡೆದೀತು, ವೈರಿಗಳಿಗೆ ಹಬ್ಬವಾದೀತು, ಸ್ವಲ್ಪ ತಾಳು ತಾಯಿ' ಎನ್ನುತ್ತೇವೆ. 1973ರ ಬೂಸಾ ಗಲಾಟೆಯಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ನಮ್ಮ ಹಿರಿಯರು ತಾಳಲಿಲ್ಲ. ಆ ಸಿಟ್ಟಿನಿಂದಲೇ ಸಂಘಟನೆ ಕಟ್ಟಿದರು. ನಮ್ಮ ಮೇಲೆ ಬಿದ್ದಾಗ ಬಂಡಾಯ, ಅವಳ ಮೇಲೆ ಬಿದ್ದಾಗ ತಾಳ್ಮೆ ಎನ್ನುವುದಾದರೆ ಆ ಪ್ರಿನ್ಸಿಪಾಲರಿಗೂ ನಮಗೂ ಏನು ವ್ಯತ್ಯಾಸ? ಅವಳ ಬಾಯಿ ಮುಚ್ಚಿಸಿ ಉಳಿಸಿಕೊಂಡ ಒಗ್ಗಟ್ಟು ಒಗ್ಗಟ್ಟಲ್ಲ.

ಹಾಗೆಂದು ಆರೋಪ ಬಂದ ಕೂಡಲೇ ಕಲ್ಲೆಸೆಯಿರಿ ಎನ್ನುತ್ತಿಲ್ಲ. ವಿಚಾರಣೆಯೇ ಇಲ್ಲದೆ ಕಂಬಕ್ಕೆ ಕಟ್ಟಿಸಿಕೊಂಡು ಹೊಡೆಸಿಕೊಂಡ ಜನ ನಾವು. ಆರೋಪಿಗೂ ದೂರಿನ ಪ್ರತಿ ಸಿಗಬೇಕು, ತನ್ನ ಮಾತು ಹೇಳಲು, ಸಾಕ್ಷಿ ಕೊಡಲು ಅವಕಾಶವಿರಬೇಕು. ಕಾನೂನೂ ಅದನ್ನೇ ಹೇಳುತ್ತದೆ. ಅದೇ ಕಾನೂನು, ದೂರು ರುಜುವಾತಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲ ಎಂದೂ ಹೇಳುತ್ತದೆ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದು ನಡೆಯುವುದು ಕಷ್ಟ. ಆದರೆ ಸುಲಭದ ನ್ಯಾಯವನ್ನು ಜಗಲಿಯ ಯಜಮಾನರಿಂದ ನಾವು ಬೇಕಾದಷ್ಟು ಉಂಡಿದ್ದೇವೆ.

ಹಳ್ಳಿ ಕಾಲೇಜಿನ ಮೇಷ್ಟ್ರುಗಳೇ, ಹಾಸ್ಟೆಲಿನ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾಳೆ ಬೆಳಿಗ್ಗೆ ನಿಮ್ಮ ಕಾಲೇಜಿನ ನೋಟೀಸ್ ಬೋರ್ಡು ನೋಡಿ. ಸಮಿತಿ ರಚಿಸಿದ ಆದೇಶ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿರಬೇಕು. ಇಲ್ಲದಿದ್ದರೆ ಎಲ್ಲಿ ಎಂದು ಕೇಳಿ. ಇದ್ದರೆ, ಅದರಲ್ಲಿ ನಮ್ಮವರು ಎಷ್ಟು ಜನ ಎಂದು ಕೇಳಿ. ಕೇಳುವಾಗ 'ದಯಮಾಡಿ' ಎನ್ನಬೇಡಿ.