ಮನೆಯ ನಾಯಿ, ಮಗುವಿನ ಮೊದಲ ಹೊಣೆ

ಮಕ್ಕಳಿಗೆ ದಯೆಯನ್ನು ಕಲಿಸುವುದು ಹೇಗೆ ಎಂಬ ಪ್ರಶ್ನೆ ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ದಿನ ಏಳುತ್ತದೆ. ಶಾಲೆಯಲ್ಲಿ ನೀತಿಕಥೆಗಳಿವೆ, ಬಸದಿಯಲ್ಲಿ ಉಪದೇಶವಿದೆ. ಆದರೆ ಕೇಳಿ ತಿಳಿದದ್ದು ನಡತೆಯಾಗಿ ಬೇರೂರಬೇಕಾದರೆ ಅದನ್ನು ದಿನದಿನವೂ ಆಚರಿಸುವ ಅವಕಾಶ ಬೇಕು. ಅನೇಕ ಮನೆಗಳಲ್ಲಿ ಆ ಅವಕಾಶವನ್ನು ಒದಗಿಸುವುದು ಹೊಸ್ತಿಲ ಬಳಿ ಮಲಗಿರುವ ಒಂದು ನಾಯಿ. ಆದ್ದರಿಂದಲೇ ‘ಮಗುವಿಗೆ ಒಳ್ಳೆಯ ಗುಣ ಬರಲಿ, ಒಂದು ಮರಿಯನ್ನು ತರೋಣ’ ಎಂದು ತಂದೆತಾಯಿಗಳು ಯೋಚಿಸುವುದುಂಟು. ಇಲ್ಲಿ ವಿಚಾರಿಸಬೇಕಾದ ಮಾತೊಂದಿದೆ. ಒಂದು ಜೀವದ ಶಿಕ್ಷಣಕ್ಕಾಗಿ ಮತ್ತೊಂದು ಜೀವವನ್ನು ಸಾಧನವಾಗಿ ಬಳಸುವುದು ಧರ್ಮಸಮ್ಮತವೇ?

ನಾಯಿಗೂ ಮನುಷ್ಯನ ಮನೆಗೂ ಇರುವ ನಂಟು ಬಹು ಪುರಾತನವಾದುದು. ಜರ್ಮನಿಯ ಬಾನ್ ನಗರದ ಒಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ದೊರೆತ ಸುಮಾರು 14,000 ವರ್ಷಗಳಷ್ಟು ಹಳೆಯ ಸಮಾಧಿಯಲ್ಲಿ ಒಬ್ಬ ಪುರುಷ, ಒಬ್ಬ ಸ್ತ್ರೀ, ಅವರೊಡನೆ ಒಂದು ನಾಯಿಮರಿಯ ಎಲುಬುಗಳಿದ್ದವು. ಅದರ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಆ ಮರಿ ತೀವ್ರ ರೋಗಕ್ಕೆ ಈಡಾಗಿ ಹಲವು ವಾರ ನರಳಿತ್ತೆಂದೂ, ಯಾರಾದರೂ ಶುಶ್ರೂಷೆ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲವೆಂದೂ 2018ರಲ್ಲಿ ಅಭಿಪ್ರಾಯಪಟ್ಟರು. ಬೇಟೆಗೂ ಕಾವಲಿಗೂ ಒದಗದ ಒಂದು ಕಾಯಿಲೆಯ ಮರಿಯನ್ನು ಅಷ್ಟು ಹಿಂದೆಯೇ ಮನುಷ್ಯರು ನೋಡಿಕೊಂಡರೆಂಬುದು ಚಿಂತನೀಯ.

ಆದರೂ ನಮ್ಮ ಆಚಾರ್ಯರು ಈ ವಿಷಯದಲ್ಲಿ ಎಚ್ಚರಿಕೆಯ ಮಾತು ಹೇಳಿದ್ದಾರೆ. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸುತ್ತದೆ. ಹಿಂಸೆಯಿಂದ ಬದುಕುವ ಪ್ರಾಣಿಯನ್ನು ಸಾಕಿದವನಿಗೆ ಆ ಹಿಂಸೆಯ ಪಾಲು ತಪ್ಪದು ಎಂಬುದು ಇದರ ಅಭಿಪ್ರಾಯ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. 10ನೆಯ ಶತಮಾನದ ಆತಕೂರು ಶಾಸನವನ್ನು ನೋಡೋಣ. ಮಣಲೇರನೆಂಬ ವೀರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಕಾಳಿಯೆಂಬ ಬೇಟೆನಾಯಿಯನ್ನೇ ಬೇಡಿ ಪಡೆದನು. ಅದನ್ನು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟರು. ನಾಯಿಯ ಮೇಲಿನ ಪ್ರೀತಿ ಅಲ್ಲಿ ನಿಜವಾದುದೇ. ಆದರೆ ಆ ಪ್ರೀತಿ ಹಂದಿಯನ್ನು ಉಳಿಸಲಿಲ್ಲ, ನಾಯಿಯನ್ನೂ ಉಳಿಸಲಿಲ್ಲ. ಸಾಕಿದವನು ಏನನ್ನು ಬಯಸಿ ಹುರಿದುಂಬಿಸುತ್ತಾನೋ ನಾಯಿ ಬಹುಮಟ್ಟಿಗೆ ಆ ದಾರಿಯನ್ನೇ ಹಿಡಿಯುತ್ತದೆ. ಬೀದಿಯಲ್ಲಿ ಹೋಗುವವರ ಮೇಲೆ ಎರಗಲು ಅದನ್ನು ಛೂ ಬಿಟ್ಟು ನಗುವ ಮನೆಯ ಮಗು ಕಲಿಯುವುದು ದಯೆಯನ್ನಲ್ಲ. ಆಹಾರದ ಪ್ರಶ್ನೆಯೂ ಇದರೊಡನೆ ಸೇರಿದೆ. ಬೆಕ್ಕಿನ ದೇಹಕ್ಕೆ ಮಾಂಸದಲ್ಲಿರುವ ಪೋಷಕಾಂಶಗಳು ಅನಿವಾರ್ಯ. ನಾಯಿಯಾದರೋ ಮನುಷ್ಯನ ಸಹವಾಸದಲ್ಲಿ ಧಾನ್ಯವನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದಿದೆ. ಪಶುವೈದ್ಯರ ಸಲಹೆಯಂತೆ ಸಮತೋಲವಾಗಿ ಕೊಟ್ಟರೆ ಅದು ಸಸ್ಯಾಹಾರದಿಂದ ಬಾಳಬಲ್ಲದು. ಉಳಿದ ಅನ್ನವನ್ನು ಸುರಿದುಬಿಟ್ಟರೆ ಮಾತ್ರ ಸಾಲದು.

ಸಾಕುವುದೆಂದು ನಿಶ್ಚಯಿಸಿದ ಮೇಲೆ ನಮಗೆ ದಾರಿ ತೋರುವುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ. ಅಹಿಂಸಾಣುವ್ರತಕ್ಕೆ ಅಲ್ಲಿ ಹೇಳಿರುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ವಧವೆಂದರೆ ಇಲ್ಲಿ ಹೊಡೆಯುವುದು. ಇವುಗಳನ್ನು ಓದಿದರೆ ಸಾಕಿದ ಪ್ರಾಣಿಯೇ ಕಣ್ಣ ಮುಂದೆ ನಿಲ್ಲುತ್ತದೆ. ಹಗಲಿರುಳು ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು ಬಂಧ. ನಮ್ಮ ಸಿಟ್ಟನ್ನು ಅದರ ಮೈಮೇಲೆ ತೀರಿಸಿಕೊಳ್ಳುವುದು ವಧ. ಅಂದಕ್ಕಾಗಿ ಕಿವಿ, ಬಾಲಗಳನ್ನು ಕತ್ತರಿಸುವುದು ಛೇದ. ದೇಹ ತಡೆಯದಷ್ಟು ಮರಿ ಹಾಕಿಸಿ ಮಾರುವುದನ್ನು ಅತಿಭಾರವೆನ್ನದೆ ಮತ್ತೇನೆನ್ನಬೇಕು? ಮನೆಮಂದಿ ಊರಿಗೆ ಹೋದಾಗ ನೀರಿನ ಪಾತ್ರೆ ಒಣಗಿದ್ದರೆ ಅದು ಅನ್ನಪಾನನಿರೋಧ. ನಮ್ಮ ದೇಶದ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ವಿಧಿಯೂ ಸದಾ ಕಟ್ಟಿಹಾಕಿದ ನಾಯಿಯನ್ನು ತಿರುಗಾಡಿಸದಿರುವುದನ್ನು, ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದನ್ನು ಕ್ರೌರ್ಯವೆಂದು ಪರಿಗಣಿಸುತ್ತದೆ.

ಇವೆಲ್ಲವನ್ನೂ ಮಗು ನೋಡುತ್ತಿರುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಮನೆಯವರ ಊಟವಾಗುವಾಗ ನಾಯಿಯ ತಟ್ಟೆಗೂ ಅನ್ನ ಬಿದ್ದಿತೇ ಎಂದು ಅಜ್ಜಿ ವಿಚಾರಿಸಿದರೆ ಅದೊಂದು ಪಾಠ. ಮಾತು ಬಾರದ ಪ್ರಾಣಿ ಕೇಳಲಾರದು, ದೂರಲಾರದು. ಆದ್ದರಿಂದ ನಾವೇ ನೆನಪಿಡಬೇಕು ಎಂಬ ತಿಳಿವು ಆ ಒಂದು ಪ್ರಶ್ನೆಯಿಂದ ಮಗುವಿನ ಮನಸ್ಸಿಗಿಳಿಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ತಂದೆ ತಪ್ಪದೆ ಹಾಕಿಸಿದರೆ, ಪ್ರೀತಿಯೆಂದರೆ ಮುದ್ದು ಮಾತ್ರವಲ್ಲ, ಜವಾಬ್ದಾರಿಯೂ ಹೌದು ಎಂದು ಅದು ಅರಿಯುತ್ತದೆ.

ಆದರೆ ನಿಜವಾದ ಪರೀಕ್ಷೆ ಬರುವುದು ಆಮೇಲೆ. ನಾಯಿಯ ಆಯುಸ್ಸು ಸಾಮಾನ್ಯವಾಗಿ 10ರಿಂದ 13 ವರ್ಷ. ಮಗುವಿಗೆ ಆರು ವರ್ಷವಾಗಿದ್ದಾಗ ಬಂದ ಮರಿ ಎರಡೇ ವರ್ಷದಲ್ಲಿ ಪ್ರಾಯಕ್ಕೆ ಬರುತ್ತದೆ. ಮಗು ಎಸ್ಸೆಸ್ಸೆಲ್ಸಿ ಮುಗಿಸುವ ವೇಳೆಗೆ ಅದರ ಮೂತಿ ನರೆತಿರುತ್ತದೆ. ಹುಡುಗ ಕಾಲೇಜಿಗೆಂದು ಹಾಸ್ಟೆಲು ಸೇರುವಾಗ ನಾಯಿಗೆ ಮೆಟ್ಟಿಲು ಹತ್ತಲಾಗದು. ಶೈಶವ, ಯೌವನ, ಜರೆ, ಮರಣ ಎಲ್ಲವನ್ನೂ ಒಂದು ಬಾಲ್ಯದ ಅವಧಿಯಲ್ಲೇ ಅದು ತೋರಿಸಿ ಹೋಗುತ್ತದೆ. ಅನಿತ್ಯಾನುಪ್ರೇಕ್ಷೆಯನ್ನು ಪುಸ್ತಕದಲ್ಲಿ ಓದುವ ಮುನ್ನವೇ ಆ ಹುಡುಗ ಅದನ್ನು ಕಂಡಿರುತ್ತಾನೆ. ಆಗ ಹಿರಿಯರು ‘ಇನ್ನು ಇದರಿಂದ ಏನು ಪ್ರಯೋಜನ’ ಎಂದು ಮುದಿನಾಯಿಯನ್ನು ದೂರದ ಊರಿನ ಸಂತೆಬೀದಿಯಲ್ಲಿ ಬಿಟ್ಟುಬಂದರೆ, ಹತ್ತು ವರ್ಷ ಕಲಿಸಿದ ದಯೆ ಒಂದು ಸಂಜೆಯಲ್ಲಿ ಅಳಿಸಿಹೋಗುತ್ತದೆ. ಕೈಲಾಗದವರನ್ನು ಮನೆಯಿಂದ ಹೊರಗೆ ಹಾಕಬಹುದೆಂಬ ಪಾಠ ಉಳಿಯುತ್ತದೆ. ಆ ಪಾಠವನ್ನು ಕಲಿತವನು ಮುಂದೆ ಅದನ್ನು ನಾಯಿಗೆ ಮಾತ್ರವೇ ಅನ್ವಯಿಸುತ್ತಾನೆಂಬ ಭರವಸೆಯೇನು?

ಸಾವನ್ನು ಮಗುವಿನಿಂದ ಮರೆಮಾಚುವುದೂ ಸರಿಯಲ್ಲ. ‘ತೋಟಕ್ಕೆ ಕಳುಹಿಸಿದೆವು’ ಎಂಬ ಸುಳ್ಳು ದುಃಖವನ್ನು ತಪ್ಪಿಸುವಂತೆ ಕಂಡರೂ ಸತ್ಯವ್ರತಕ್ಕೆ ಊನ ತರುತ್ತದೆ. ಜೀವಂಧರನ ಕಥೆ ನಮಗೆಲ್ಲ ಪರಿಚಿತವೇ. ಹವಿಸ್ಸನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯನ್ನು ಬದುಕಿಸಲು ಆ ರಾಜಕುಮಾರನಿಂದ ಆಗಲಿಲ್ಲ. ಅವನು ಹತ್ತಿರ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದನು. ಆ ಜೀವ ಸುದರ್ಶನ ಯಕ್ಷನಾಗಿ ಹುಟ್ಟಿ ಆ ಉಪಕಾರವನ್ನು ಮರೆಯಲಿಲ್ಲ. ಉಳಿಸಲಾಗದಿದ್ದರೂ ಬಿಟ್ಟು ಹೋಗದಿರುವುದು ನಮ್ಮ ಕೈಯಲ್ಲಿದೆ. ಮಗುವನ್ನೂ ಆ ಕಡೆಯ ಗಳಿಗೆಯಲ್ಲಿ ಹತ್ತಿರ ಕೂರಿಸಿಕೊಳ್ಳಬಹುದು. ಅಳುವುದಕ್ಕೆ ಅವಕಾಶ ಕೊಡಬಹುದು.

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಮಗುವಿನ ಶಿಕ್ಷಣಕ್ಕಾಗಿಯೇ ನಾಯಿಯನ್ನು ತರುವುದು ತಕ್ಕುದಲ್ಲ. ಏಕೆಂದರೆ ಶಿಕ್ಷಣ ಮುಗಿದ ದಿನ ಸಾಧನವು ನಿರರ್ಥಕವೆನಿಸುತ್ತದೆ. ಅದು ಸುಖದುಃಖಗಳುಳ್ಳ ಪಂಚೇಂದ್ರಿಯ ಜೀವವೆಂದು ತಿಳಿದು, ಅದರ ಹಿತಕ್ಕಾಗಿಯೇ ಅದರ ಆಯುಷ್ಯವಿರುವ ತನಕ ಹೊಣೆ ಹೊರುವ ಮನೆಯಲ್ಲಿ ಮಾತ್ರ ದಯೆಯ ಶಿಕ್ಷಣವೂ ತಾನಾಗಿ ನಡೆಯುತ್ತದೆ. ಆದುದರಿಂದ ಮರಿಯನ್ನು ತರುವ ಮುನ್ನ ಮನೆಯ ಹಿರಿಯರೆಲ್ಲ ಕುಳಿತು, ಮಗು ಮನೆ ಬಿಟ್ಟು ಓದಲು ಹೋದ ಮೇಲೆ ಈ ನಾಯಿಯನ್ನು ನೋಡಿಕೊಳ್ಳುವವರು ಯಾರೆಂದು ನಿಶ್ಚಯಿಸಲಿ. ಅದಕ್ಕೆ ಉತ್ತರ ಸಿಗದ ಮನೆಯವರು ಅಂಗಳದಲ್ಲಿ ಹಕ್ಕಿಗಳಿಗೆ ಕಾಳು, ನೀರು ಇಡುವ ಕೆಲಸವನ್ನು ಮಗುವಿಗೆ ವಹಿಸಲಿ. ಅದರಲ್ಲಿಯೂ ದಯೆಯ ಅಭ್ಯಾಸಕ್ಕೆ ಬೇಕಾದಷ್ಟು ಎಡೆಯಿದೆ.